ಜೀವಶಾಸ್ತ್ರ ಓದಲು ಬಂದವರಿಗೆ ಮೋಲ್ ಲೆಕ್ಕ ಏಕೆ?

ಪ್ರಶ್ನೆ: "ಸರ್, ನಾನು ಮೂಡಿಗೆರೆ ತಾಲ್ಲೂಕಿನ ಹಳ್ಳಿಯವಳು. ಮನೆಯಲ್ಲಿ ಎರಡು ಎಕರೆ ಅಡಿಕೆ, ಒಂದಿಷ್ಟು ಕಾಫಿ ಇದೆ. ಚಿಕ್ಕಮಗಳೂರಿನಲ್ಲಿ ಹಾಸ್ಟೆಲ್‌ನಲ್ಲಿದ್ದುಕೊಂಡು ಮೊದಲ ವರ್ಷದ ಬಿ.ಎಸ್ಸಿ. ಓದುತ್ತಿದ್ದೇನೆ. ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ರಸಾಯನಶಾಸ್ತ್ರ ನನ್ನ ವಿಷಯಗಳು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮ. ಪಿಯುಸಿಯಲ್ಲಿ ಜೀವಶಾಸ್ತ್ರಕ್ಕೆ 88 ಬಂದಿತ್ತು, ಕೆಮಿಸ್ಟ್ರಿಗೆ 41. ಈಗ ಮೊದಲ ಇಂಟರ್ನಲ್‌ನಲ್ಲಿ 20ಕ್ಕೆ 6 ಬಂದಿದೆ. ಮೋಲ್, ನಾರ್ಮಾಲಿಟಿ, ಪಿಎಚ್ ಎಂದು ಶುರುವಾದರೆ ನನಗೆ ಏನೂ ತೋಚುವುದಿಲ್ಲ. ಹಳೆಯ ಪ್ರಶ್ನೆಪತ್ರಿಕೆಗಳನ್ನು ಬಾಯಿಪಾಠ ಮಾಡಿದರೆ ಪಾಸಾಗಬಹುದು ಎಂದು ಸೀನಿಯರ್‌ಗಳು ಹೇಳುತ್ತಾರೆ. ಅಷ್ಟು ಕಷ್ಟವಾದರೆ ಕಾಂಬಿನೇಷನ್ ಬದಲಾಯಿಸಿಕೋ ಎಂದು ಅಪ್ಪ ಹೇಳುತ್ತಾರೆ. ಮುಂದೆ ಬಯೋಟೆಕ್ನಾಲಜಿ ಅಥವಾ ಬಯೋಕೆಮಿಸ್ಟ್ರಿಯಲ್ಲಿ ಎಂ.ಎಸ್ಸಿ. ಮಾಡುವ ಆಸೆ ನನ್ನದು. ಇನ್ನೊಂದು ಗೊಂದಲವೂ ಇದೆ. ಜೀವಕೋಶ ಶಕ್ತಿಗೆ ಬಳಸುವ ಎಟಿಪಿ ಅಣುವಿನ ಬಂಧ ಒಡೆದಾಗ ಶಕ್ತಿ ಸಿಗುತ್ತದೆ ಎಂದು ಪ್ರಾಣಿಶಾಸ್ತ್ರದ ಮೇಡಂ ಹೇಳುತ್ತಾರೆ, ಬಂಧ ಒಡೆಯಲು ಶಕ್ತಿ ಕೊಡಬೇಕು ಎಂದು ಕೆಮಿಸ್ಟ್ರಿ ಸರ್ ಹೇಳುತ್ತಾರೆ. ಯಾವುದು ಸರಿ? ಗಿಡ, ಪ್ರಾಣಿ ಓದುವವರಿಗೆ ಇಷ್ಟೆಲ್ಲ ಕೆಮಿಸ್ಟ್ರಿ ನಿಜಕ್ಕೂ ಬೇಕೇ? ನನ್ನ ತಲೆಗೆ ಇದು ಹತ್ತುತ್ತದೆಯೇ?"

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಪ್ರಶ್ನೆಗಳಿವೆ. ರಸಾಯನಶಾಸ್ತ್ರ ಬೇಕೇ ಎಂಬುದು ಒಂದು, ಅದು ನಿಮಗೆ ಒಗ್ಗುತ್ತದೆಯೇ ಎಂಬುದು ಇನ್ನೊಂದು, ಈಗ ಏನು ಮಾಡಬೇಕು ಎಂಬುದು ಮತ್ತೊಂದು. ಹಾಸನ ಮತ್ತು ಚಿಕ್ಕಮಗಳೂರಿನ ಪದವಿ ಕಾಲೇಜುಗಳಲ್ಲಿ ಮೂವತ್ತು ವರ್ಷ ಈ ವಿಷಯವನ್ನು ಬೋಧಿಸಿದ ನನಗೆ ಎರಡನೆಯ ಪ್ರಶ್ನೆಯೇ ಮುಖ್ಯವೆನಿಸುವುದರಿಂದ, ಅಲ್ಲಿಂದಲೇ ಆರಂಭಿಸುತ್ತೇನೆ.

20ಕ್ಕೆ 6 ಅಂಕ ಪಡೆದ ಉತ್ತರ ಪತ್ರಿಕೆಗಳನ್ನು ನಾನು ಲೆಕ್ಕವಿಲ್ಲದಷ್ಟು ನೋಡಿದ್ದೇನೆ, ಮತ್ತು ಅವುಗಳಲ್ಲಿ ಹೆಚ್ಚಿನವು ಒಂದನ್ನೊಂದು ಹೋಲುತ್ತವೆ. ವ್ಯಾಖ್ಯೆ ಸರಿಯಾಗಿರುತ್ತದೆ, ಸೂತ್ರ ಸರಿಯಾಗಿರುತ್ತದೆ, ಸಂಖ್ಯೆಗಳನ್ನು ತುಂಬುವ ಹಂತಕ್ಕೆ ಬಂದಾಗ ಎಲ್ಲವೂ ಕುಸಿಯುತ್ತದೆ. ಮಿಲಿಲೀಟರನ್ನು ಲೀಟರಿಗೆ ಬದಲಿಸದೇ ಬಿಡುವುದು, ಗುಣಿಸುವ ಕಡೆ ಭಾಗಿಸುವುದು, ಲಾಗರಿದಮ್ ಬಂದ ಕೂಡಲೇ ಲೆಕ್ಕವನ್ನೇ ಕೈಬಿಡುವುದು ಇಂಥ ಪತ್ರಿಕೆಗಳ ಸಾಮಾನ್ಯ ದೋಷಗಳು. ಗಮನಿಸಿ, ಇವುಗಳಲ್ಲಿ ಒಂದೂ ರಸಾಯನಶಾಸ್ತ್ರದ ದೋಷವಲ್ಲ. 0.1 ಮೋಲಾರ್ (ಲೀಟರಿಗೆ 0.1 ಮೋಲ್) ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣ 250 ಮಿಲಿಲೀಟರ್ ಬೇಕೆಂದರೆ 1 ಗ್ರಾಂ ಸಾಕು. ಆದರೆ ಪ್ರತಿ ವರ್ಷವೂ ಅರ್ಧ ತರಗತಿ 4 ಗ್ರಾಂ ತೂಗುತ್ತದೆ, ಏಕೆಂದರೆ ಒಂದು ಲೀಟರಿಗೆ 4 ಗ್ರಾಂ ಎಂಬುದು ಅವರಿಗೆ ಬಾಯಿಪಾಠವಾಗಿರುತ್ತದೆ. ಇದೇ ಮಕ್ಕಳು ಹಾಸ್ಟೆಲ್ ಅಡುಗೆಮನೆಯಲ್ಲಿ ನಾಲ್ಕು ಸೇರು ಅಕ್ಕಿಗೆ ಹಾಕುವ ಉಪ್ಪನ್ನು ಒಂದು ಸೇರಿಗೆ ಹಾಕುವುದಿಲ್ಲ.

ಪಿಎಚ್ ವಿಷಯದಲ್ಲಿ ತಪ್ಪು ನಿಮ್ಮದಲ್ಲವೇ ಅಲ್ಲ. ಈಗಿನ ಹತ್ತನೆಯ ತರಗತಿಯ ಗಣಿತ ಪುಸ್ತಕದಲ್ಲಿ ಲಾಗರಿದಮ್ ಪಾಠವಿಲ್ಲ, ಮತ್ತು ಪಿಯುಸಿಯಲ್ಲಿ ಗಣಿತ ತೆಗೆದುಕೊಳ್ಳದ ಜೀವಶಾಸ್ತ್ರದ ವಿದ್ಯಾರ್ಥಿ ಅದನ್ನು ಕ್ರಮವಾಗಿ ಕಲಿಯುವ ಅವಕಾಶವೇ ಇಲ್ಲದೆ ನೇರವಾಗಿ ಪಿಎಚ್ ಲೆಕ್ಕದ ಮುಂದೆ ಬಂದು ನಿಲ್ಲುತ್ತಾರೆ. ಲಾಗ್ ಎಂದರೆ 'ಹತ್ತರ ಎಷ್ಟನೆಯ ಘಾತ' ಎಂಬ ಪ್ರಶ್ನೆಗೆ ಉತ್ತರ, ಅಷ್ಟೇ. ನೂರು ಎಂದರೆ ಹತ್ತರ ಎರಡನೆಯ ಘಾತ, ಆದ್ದರಿಂದ ಅದರ ಲಾಗ್ 2. ಹೈಡ್ರೋಜನ್ ಅಯಾನುಗಳ ಸಾರತೆಯ ಲಾಗ್ ತೆಗೆದು ಚಿಹ್ನೆ ಬದಲಿಸಿದರೆ ಅದೇ ಪಿಎಚ್. ನಿಮ್ಮ ತಂದೆಯವರು ತೋಟದ ಮಣ್ಣು ಪರೀಕ್ಷೆ ಮಾಡಿಸಿದ್ದರೆ ಆ ವರದಿಯನ್ನು ತೆಗೆದು ನೋಡಿ. ಒಂದು ಕಡೆ ಪಿಎಚ್ 5, ಇನ್ನೊಂದು ಕಡೆ 6 ಎಂದಿದ್ದರೆ ವ್ಯತ್ಯಾಸ ಒಂದೇ ಅಂಕದ್ದಾಗಿ ಕಾಣುತ್ತದೆ. ಆದರೆ ಮೊದಲನೆಯ ಮಣ್ಣಿನಲ್ಲಿ ಹೈಡ್ರೋಜನ್ ಅಯಾನುಗಳ ಸಾರತೆ ಎರಡನೆಯದರ ಹತ್ತು ಪಟ್ಟು. ಇಷ್ಟು ಮನಸ್ಸಿನಲ್ಲಿ ನಿಂತರೆ ಉಳಿದದ್ದು ಅಭ್ಯಾಸದ ವಿಷಯ, ಅದಕ್ಕೆ ಎರಡು ವಾರ ಸಾಕು.

ಮೋಲ್ ಬಗ್ಗೆ ಸ್ವಲ್ಪ ದೀರ್ಘವಾಗಿಯೇ ಹೇಳಬೇಕು, ಏಕೆಂದರೆ ಅಲ್ಲಿ ಎಡವಿದವರು ಮುಂದೆ ಎಲ್ಲ ಕಡೆ ಎಡವುತ್ತಾರೆ. ಪುಸ್ತಕವು 6.022 × 10²³ ಎಂಬ ಸಂಖ್ಯೆಯಿಂದ ಆರಂಭಿಸುತ್ತದೆ. 2019ರ ಮೇ 20ರಿಂದ ಮೋಲ್‌ನ ವ್ಯಾಖ್ಯೆಯೇ ಅಷ್ಟು ಸಂಖ್ಯೆಯ ಕಣಗಳು ಎಂದಾಗಿದೆ, ಆದ್ದರಿಂದ ಪುಸ್ತಕದ ತಪ್ಪಿಲ್ಲ. ಆದರೆ ಅಷ್ಟು ದೊಡ್ಡ ಸಂಖ್ಯೆಯನ್ನು ಕಂಡು ಗಾಬರಿಯಾದ ವಿದ್ಯಾರ್ಥಿಗೆ ಅದರ ಉಪಯೋಗವೇನೆಂದು ಕಾಣುವುದಿಲ್ಲ. ಪರಮಾಣುಗಳು ಒಂದರೊಡನೊಂದು ಕೂಡುವುದು ಎಣಿಕೆಯ ಲೆಕ್ಕದಲ್ಲಿ, ನಾವು ತಕ್ಕಡಿಯಲ್ಲಿ ಅಳೆಯುವುದು ತೂಕದ ಲೆಕ್ಕದಲ್ಲಿ. ತೂಕವನ್ನು ಎಣಿಕೆಗೆ ತಿರುಗಿಸಿಕೊಡುವ ಸಾಧನವೇ ಮೋಲ್.

ನಿಮ್ಮ ಮನೆಯ ಬೋರ್ಡೋ ದ್ರಾವಣವನ್ನೇ ತೆಗೆದುಕೊಳ್ಳಿ. ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗ ಬಾರದಂತೆ ಹೊಡೆಯುವ ಶೇ. 1ರ ದ್ರಾವಣಕ್ಕೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ, 100 ಲೀಟರ್ ನೀರು ಎಂಬುದು ಮಲೆನಾಡಿನ ಪ್ರತಿ ಮನೆಗೂ ಗೊತ್ತಿರುವ ಲೆಕ್ಕ. ಒಂದಕ್ಕೆ ಒಂದು ಎನ್ನುತ್ತಾರೆ. ತೂಕದಲ್ಲಿ ಅದು ನಿಜ, ಎಣಿಕೆಯಲ್ಲಿ ನಿಜವೇ? ನೀಲಿ ಹರಳಿನ ಮೈಲುತುತ್ತವು ಐದು ನೀರಿನ ಅಣುಗಳನ್ನು ಒಳಗಿಟ್ಟುಕೊಂಡ ತಾಮ್ರದ ಸಲ್ಫೇಟ್. ಅದರ ಒಂದು ಮೋಲ್ ಸುಮಾರು 250 ಗ್ರಾಂ ತೂಗುತ್ತದೆ, ಹಾಗಾಗಿ 1 ಕೆ.ಜಿ. ಎಂದರೆ 4 ಮೋಲ್. ಶುದ್ಧವಾದ ಸುಟ್ಟ ಸುಣ್ಣದ ಒಂದು ಮೋಲ್ 56 ಗ್ರಾಂ, ಹಾಗಾಗಿ 1 ಕೆ.ಜಿ. ಎಂದರೆ ಸುಮಾರು 18 ಮೋಲ್. ಅಂದರೆ ಡ್ರಮ್ಮಿನಲ್ಲಿ ತಾಮ್ರದ ಪ್ರತಿ ಒಂದು ಕಣಕ್ಕೆ ಸುಣ್ಣದ ನಾಲ್ಕಕ್ಕಿಂತ ಹೆಚ್ಚು ಕಣಗಳಿವೆ. ಇಷ್ಟೊಂದು ಹೆಚ್ಚು ಸುಣ್ಣ ಏಕೆ? ಪೇಟೆಯಲ್ಲಿ ಸಿಗುವ ಸುಣ್ಣ ಶುದ್ಧವಾಗಿರುವುದಿಲ್ಲ, ಗಾಳಿಗೆ ತೆರೆದಿಟ್ಟ ಸುಣ್ಣದ ಒಂದು ಪಾಲು ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಕ್ಯಾಲ್ಸಿಯಂ ಕಾರ್ಬೋನೇಟ್ ಆಗಿ ನಿಷ್ಪ್ರಯೋಜಕವಾಗಿರುತ್ತದೆ, ಮತ್ತು ಕೊನೆಗೆ ದ್ರಾವಣವು ಕ್ಷಾರೀಯವಾಗಿಯೇ ಉಳಿಯಬೇಕು. ಸುಣ್ಣ ತೀರ ಹಳೆಯದಾಗಿದ್ದರೆ ತಾಮ್ರವು ಬಿಡಿಯಾಗಿ ಉಳಿದು ಎಲೆಯನ್ನೂ ಕಾಯನ್ನೂ ಸುಡುತ್ತದೆ. ಅದಕ್ಕಾಗಿಯೇ ಹಿರಿಯರು ಚೆನ್ನಾಗಿ ಉಜ್ಜಿದ ಕತ್ತಿಯ ಅಲಗನ್ನು ದ್ರಾವಣದಲ್ಲಿ ಅದ್ದಿ ನೋಡುತ್ತಾರೆ. ಕೆಂಪು ಛಾಯೆ ಕಂಡರೆ ಇನ್ನಷ್ಟು ಸುಣ್ಣದ ತಿಳಿ ಸೇರಿಸುತ್ತಾರೆ. ಆ ಕೆಂಪು ಲೇಪ ತಾಮ್ರದ್ದು. ಕಬ್ಬಿಣವು ದ್ರಾವಣಕ್ಕಿಳಿದು ತಾಮ್ರವನ್ನು ಹೊರದೂಡಿದೆ. ನೀವು ಹತ್ತನೆಯ ತರಗತಿಯಲ್ಲಿ ಓದಿದ ಸ್ಥಾನಪಲ್ಲಟ ಕ್ರಿಯೆಯೂ, ಈಗ ಪಠ್ಯದಲ್ಲಿ ಬರುವ ಉತ್ಕರ್ಷಣ–ಅಪಕರ್ಷಣವೂ, ತಟಸ್ಥೀಕರಣವೂ, ಮೋಲ್ ಅನುಪಾತವೂ ಆ ಒಂದು ಡ್ರಮ್ಮಿನಲ್ಲಿವೆ. ಹಾಗೆಯೇ ಮೈಲುತುತ್ತದ ಒಳಗಿನ ನೀರನ್ನು ಮರೆತು, ನೀರಿಲ್ಲದ ಲವಣದ 160 ಗ್ರಾಂ ಎಂಬ ಸಂಖ್ಯೆಯಿಂದ ಲೆಕ್ಕ ಹಾಕಿದವರು ಪ್ರಯೋಗಾಲಯದಲ್ಲಿ ಆಕ್ಸಾಲಿಕ್ ಆಮ್ಲಕ್ಕೂ 126ರ ಬದಲು 90 ಎಂದು ಹಾಕಿ, ದ್ರಾವಣದ ಸಾರತೆಯನ್ನು ಅಳೆಯುವ ಇಡೀ ಟೈಟ್ರೇಷನ್ನನ್ನೇ ಕೆಡಿಸಿಕೊಳ್ಳುತ್ತಾರೆ. ಬಾಟಲಿಯ ಮೇಲಿನ ಲೇಬಲ್ ಓದಿ ತೂಗುವ ಅಭ್ಯಾಸವನ್ನು ಮೊದಲ ದಿನದಿಂದಲೇ ಮಾಡಿಕೊಳ್ಳಿ. (ಪಿಪೆಟ್ಟನ್ನು ಬಾಯಿಯಿಂದ ಎಳೆಯುವ ಹಳೆಯ ಅಭ್ಯಾಸ ನಿಮ್ಮ ಕಾಲೇಜಿನಲ್ಲಿ ಇನ್ನೂ ಉಳಿದಿದ್ದರೆ ನೀವು ಅದನ್ನು ಅನುಸರಿಸಬೇಡಿ, ರಬ್ಬರ್ ಬಲ್ಬ್ ಕೇಳಿ ಪಡೆಯಿರಿ.)

ಇನ್ನು ಎಟಿಪಿ. ನಿಮ್ಮ ಗೊಂದಲ ದಡ್ಡತನದ ಲಕ್ಷಣವಲ್ಲ, ಎರಡು ತರಗತಿಗಳ ಮಾತನ್ನು ಹೋಲಿಸಿ ನೋಡಿದವರಿಗೆ ಮಾತ್ರ ಅದು ಹುಟ್ಟುತ್ತದೆ. ಕೆಮಿಸ್ಟ್ರಿಯ ಸರ್ ಹೇಳಿದ್ದು ಅಕ್ಷರಶಃ ಸರಿ: ಯಾವ ಬಂಧವನ್ನೇ ಆಗಲಿ, ಒಡೆಯಲು ಶಕ್ತಿ ವ್ಯಯವಾಗುತ್ತದೆ, ಹೊಸ ಬಂಧ ಏರ್ಪಟ್ಟಾಗ ಶಕ್ತಿ ಹೊರಬರುತ್ತದೆ. ಪ್ರಾಣಿಶಾಸ್ತ್ರದ ಮೇಡಂ ಹೇಳುತ್ತಿರುವುದು ಇಡೀ ಕ್ರಿಯೆಯ ನಿವ್ವಳ ಲೆಕ್ಕವನ್ನು. ನಿಮ್ಮ ಕಡೆಯ ಮಾತಿನಲ್ಲೇ ಹೇಳುವುದಾದರೆ, ಕಾಫಿ ಕುಯ್ಲಿಗೆ ಕೂಲಿ ಕೊಡಬೇಕು, ಹಣ ಬರುವುದು ಮಾರಿದಾಗ. ಆದರೂ ಜನವರಿಯಲ್ಲಿ ಯಾರಾದರೂ 'ಈ ಸಲದ ಕುಯ್ಲಿನಿಂದ ಇಷ್ಟು ಬಂತು' ಎಂದರೆ ನಾವು ಅರ್ಥ ಮಾಡಿಕೊಳ್ಳುತ್ತೇವೆ. ಎಟಿಪಿಯು ನೀರಿನೊಡನೆ ವರ್ತಿಸಿ ಎಡಿಪಿ ಮತ್ತು ಫಾಸ್ಫೇಟ್ ಆಗುವಾಗ ಹಳೆಯ ಬಂಧವನ್ನು ಬಿಡಿಸಲು ಖರ್ಚಾಗುವುದಕ್ಕಿಂತ ಹೆಚ್ಚು ಶಕ್ತಿ ಹೊಸ ಬಂಧಗಳಿಂದ, ಉತ್ಪನ್ನಗಳನ್ನು ನೀರು ಸುತ್ತುವರಿಯುವುದರಿಂದ ಮತ್ತು ಒತ್ತೊತ್ತಾಗಿದ್ದ ಋಣ ಆವೇಶಗಳು ದೂರ ಸರಿಯುವುದರಿಂದ ಮರಳಿ ಬರುತ್ತದೆ. ಪ್ರಮಾಣಿತ ಸ್ಥಿತಿಯಲ್ಲಿ ಕೊನೆಗೆ ಉಳಿಯುವ ಲಾಭ ಪ್ರತಿ ಮೋಲ್‌ಗೆ ಸುಮಾರು 30.5 ಕಿಲೋಜೂಲ್. 'ಅಧಿಕ ಶಕ್ತಿಯ ಫಾಸ್ಫೇಟ್ ಬಂಧ' ಎಂಬ ಕಲ್ಪನೆಯನ್ನು 1941ರಲ್ಲಿ ಜೀವರಸಾಯನಶಾಸ್ತ್ರಜ್ಞ ಫ್ರಿಟ್ಸ್ ಲಿಪ್ಮನ್ ಬಳಕೆಗೆ ತಂದರು. ಲೆಕ್ಕಕ್ಕೆ ಅನುಕೂಲವಾದ ಆ ಮಾತು ಪಾಠಗಳಲ್ಲಿ ಬೇರೂರಿ, ಬಂಧದೊಳಗೆ ಶಕ್ತಿಯನ್ನು ತುಂಬಿಟ್ಟಿದ್ದಾರೇನೋ ಎಂಬ ತಪ್ಪು ಚಿತ್ರವನ್ನು ಕೊಡುತ್ತದೆ. ಪರೀಕ್ಷೆಯಲ್ಲಿ 'ಎಟಿಪಿಯ ಜಲವಿಭಜನೆಯಿಂದ ಶಕ್ತಿ ಬಿಡುಗಡೆಯಾಗುತ್ತದೆ' ಎಂದು ಬರೆಯಿರಿ. ಎರಡೂ ವಿಭಾಗದವರು ಅಂಕ ಕೊಡುತ್ತಾರೆ.

ಸಮತೋಲನ ಎಂಬ ಪದದಲ್ಲಿಯೂ ಇಂಥದ್ದೇ ತೊಡಕಿದೆ. ಎರಡೂ ಬದಿಯ ಪ್ರಮಾಣ ಸಮನಾಗುವುದು ಎಂದು ವಿದ್ಯಾರ್ಥಿಗಳು ಭಾವಿಸುತ್ತಾರೆ, ವಾಸ್ತವವಾಗಿ ಸಮನಾಗುವುದು ಮುಂದಿನ ಮತ್ತು ಹಿಂದಿನ ಕ್ರಿಯೆಗಳ ವೇಗ. ರಕ್ತವನ್ನೇ ನೋಡಿ, ಅಲ್ಲಿ ಸಮತೋಲನದಲ್ಲಿರುವ ಎರಡರ ಪ್ರಮಾಣ ಸಮನಿಲ್ಲ: ಬೈಕಾರ್ಬೋನೇಟ್ ಲೀಟರಿಗೆ ಸುಮಾರು 24 ಮಿಲಿಮೋಲ್, ಕರಗಿದ ಇಂಗಾಲದ ಡೈಆಕ್ಸೈಡ್ ಸುಮಾರು 1.2 ಮಿಲಿಮೋಲ್. ಅನುಪಾತ 20, ಅದರ ಲಾಗ್ 1.3, ಅದಕ್ಕೆ ಪಿಎಚ್ ಹೆಚ್ಚು ಬದಲಾಗದಂತೆ ತಡೆಯುವ ಈ ಜೋಡಿಯ, ಅಂದರೆ ಬಫರ್‌ನ ಸ್ಥಿರಾಂಕವಾದ 6.1ನ್ನು ಕೂಡಿದರೆ 7.4, ಅದೇ ಆರೋಗ್ಯವಂತರ ರಕ್ತದ ಪಿಎಚ್. ಅನುಪಾತ 10ಕ್ಕಿಳಿದರೆ ಪಿಎಚ್ 7.1 ಆಗುತ್ತದೆ, ಅದು ತುರ್ತು ಚಿಕಿತ್ಸೆ ಬೇಕಾದ ಸ್ಥಿತಿ. ಈ ಒಂದು ಲೆಕ್ಕವನ್ನು ಪುಸ್ತಕ ಮುಚ್ಚಿ ಮಾಡಲು ಬಂದರೆ ಬಫರ್ ಅಧ್ಯಾಯದ ಮುಕ್ಕಾಲು ಪಾಲು ಬಂದಂತೆ.

ರಸಾಯನಶಾಸ್ತ್ರ ಬೇಕೇ ಎಂಬ ಮೊದಲ ಪ್ರಶ್ನೆಗೆ ಇಲ್ಲಿಯೇ ಅರ್ಧ ಉತ್ತರ ಸಿಕ್ಕಿದೆ. ಉಳಿದರ್ಧಕ್ಕೆ, ಸಂಶೋಧನೆ ಮತ್ತು ಅಧ್ಯಾಪನಕ್ಕೆ ಅರ್ಹತೆ ಕೊಡುವ ಸಿಎಸ್ಐಆರ್–ಯುಜಿಸಿ ನೆಟ್ ಪರೀಕ್ಷೆಯ ಜೀವವಿಜ್ಞಾನ ಪಠ್ಯಕ್ರಮದ ಮೊದಲ ಘಟಕವನ್ನು ತೆರೆದು ನೋಡಿ. ಅದು ಪರಮಾಣು, ಅಣು ಮತ್ತು ರಾಸಾಯನಿಕ ಬಂಧಗಳಿಂದಲೇ ಆರಂಭವಾಗುತ್ತದೆ. ಎಂ.ಎಸ್ಸಿ. ಪ್ರವೇಶಕ್ಕೆ ಐಐಟಿಗಳು ನಡೆಸುವ ಜ್ಯಾಮ್ ಪರೀಕ್ಷೆಯ ಬಯೋಟೆಕ್ನಾಲಜಿ ಪತ್ರಿಕೆಯಲ್ಲಿ ಜೀವಶಾಸ್ತ್ರದ ಜೊತೆಗೆ ರಸಾಯನ, ಗಣಿತ, ಭೌತವಿಜ್ಞಾನದ ಪ್ರಶ್ನೆಗಳೂ ಇರುತ್ತವೆ. 1953ರ ಆರಂಭದಲ್ಲಿ ಕೇಂಬ್ರಿಜ್‌ನಲ್ಲಿ ಡಿಎನ್ಎ ರಚನೆಗಾಗಿ ತಿಣುಕುತ್ತಿದ್ದ, ಪ್ರಾಣಿಶಾಸ್ತ್ರ ಓದಿ ಬಂದ ಜೇಮ್ಸ್ ವಾಟ್ಸನ್ ಪಠ್ಯಪುಸ್ತಕದಲ್ಲಿದ್ದಂತೆಯೇ ಡಿಎನ್ಎಯಲ್ಲಿ ಜೋಡಿಯಾಗಿ ಕೂಡುವ ಘಟಕಗಳಾದ ಬೇಸ್‌ಗಳ ಚಿತ್ರ ಬಿಡಿಸಿಕೊಂಡಿದ್ದರು. ಅದೇ ಕೊಠಡಿಯಲ್ಲಿದ್ದ ರಸಾಯನಶಾಸ್ತ್ರಜ್ಞ ಜೆರ್ರಿ ಡೊನೊಹ್ಯೂ, ಹೈಡ್ರೋಜನ್ ಪರಮಾಣುಗಳನ್ನು ತಪ್ಪು ಜಾಗದಲ್ಲಿ ಕೂರಿಸಿದ್ದೀರಿ ಎಂದು ತಿದ್ದಿದ ಮೇಲೆಯೇ ಜೋಡಿಗಳು ಸರಿಯಾಗಿ ಕೂಡಿಕೊಂಡವು.

ಆದರೂ ಪಠ್ಯದ ಎಲ್ಲ ಭಾಗವೂ ನಿಮಗೆ ಒಂದೇ ತೂಕದ್ದು ಎಂದು ನಾನು ಹೇಳುವುದಿಲ್ಲ. ತರಂಗ ಸಮೀಕರಣಗಳ ಗಣಿತವನ್ನು ಪರೀಕ್ಷೆಗೆ ಬೇಕಾದಷ್ಟು ಓದಿದರೆ ಸಾಕು. ಆರ್ಬಿಟಲ್‌ಗಳ ಆಕಾರ ಮತ್ತು ಸಂಕರಣವನ್ನು ಮಾತ್ರ ಬಿಡಬೇಡಿ, ಪ್ರೋಟೀನಿನಲ್ಲಿ ಅಮೈನೋ ಆಮ್ಲಗಳನ್ನು ಜೋಡಿಸುವ ಪೆಪ್ಟೈಡ್ ಬಂಧ ಏಕೆ ಚಪ್ಪಟೆಯಾಗಿದೆ ಎಂಬುದು ಅದಿಲ್ಲದೆ ತಿಳಿಯುವುದಿಲ್ಲ.

ಈಗ ನಿಮ್ಮ ಮುಂದಿರುವ ದಾರಿಗಳು. ತಂದೆಯವರು ಹೇಳಿದಂತೆ ಕಾಂಬಿನೇಷನ್ ಬದಲಾಯಿಸುವುದು ತಪ್ಪೇನೂ ಅಲ್ಲ. ಜೀವವೈವಿಧ್ಯ, ಪರಿಸರ, ಪಕ್ಷಿ ಅಧ್ಯಯನದತ್ತ ಮನಸ್ಸಿರುವ ಕೆಲವರಿಗೆ ನಾನೇ ಹಾಗೆ ಸಲಹೆ ಕೊಟ್ಟಿದ್ದೇನೆ. ಆದರೆ ನಿಮ್ಮ ಆಸೆ ಬಯೋಕೆಮಿಸ್ಟ್ರಿಯ ಕಡೆಗಿದೆ, ಆ ಎಂ.ಎಸ್ಸಿ.ಗೆ ಪದವಿಯಲ್ಲಿ ರಸಾಯನಶಾಸ್ತ್ರ ಅಥವಾ ಜೀವರಸಾಯನಶಾಸ್ತ್ರ ಓದಿರಬೇಕೆಂದು ಸಾಮಾನ್ಯವಾಗಿ ಕೇಳುತ್ತಾರೆ. ನಮ್ಮ ಪ್ರೌಢಶಾಲೆಗಳಲ್ಲಿ ಸಿಬಿಝೆಡ್ (ಕೆಮಿಸ್ಟ್ರಿ, ಬಾಟನಿ, ಝೂಲಜಿ) ಶಿಕ್ಷಕರ ಹುದ್ದೆಯೂ ಈ ಮೂರು ವಿಷಯಗಳ ಜೋಡಣೆಯನ್ನೇ ಅವಲಂಬಿಸಿದೆ. ಬದಲಾಯಿಸಿದ ಮೇಲೆ ಮತ್ತೆ ಇತ್ತ ಬರುವುದು ಕಷ್ಟ. ಆದ್ದರಿಂದ ನೀವು ಸೇರಬೇಕೆಂದಿರುವ ಎರಡು-ಮೂರು ವಿಶ್ವವಿದ್ಯಾಲಯಗಳ ಪ್ರವೇಶ ಅಧಿಸೂಚನೆಗಳನ್ನು ಓದದೆ ಬದಲಾವಣೆಯ ಅರ್ಜಿಗೆ ಸಹಿ ಹಾಕಬೇಡಿ.

ಸೀನಿಯರ್‌ಗಳ ದಾರಿಯಲ್ಲಿ ಪಾಸಾಗಬಹುದು ಎಂಬುದು ಸುಳ್ಳಲ್ಲ, ಪ್ರಶ್ನೆಗಳು ಮರುಕಳಿಸುತ್ತವೆ. ತೊಂದರೆ ಬರುವುದು ಮೂರನೆಯ ಸೆಮಿಸ್ಟರಿನ ನಂತರ. ಮೋಲ್ ಗೊತ್ತಿಲ್ಲದೆ ರಾಸಾಯನಿಕ ಕ್ರಿಯೆಗಳ ವೇಗವನ್ನು ಓದುವ ಚಲನಶಾಸ್ತ್ರವನ್ನೂ, ಅದು ಗೊತ್ತಿಲ್ಲದೆ ಕಿಣ್ವಗಳನ್ನೂ ಬಾಯಿಪಾಠ ಮಾಡುತ್ತಾ ಹೋದರೆ ನೆನಪಿನ ಮೇಲಿನ ಭಾರ ಪ್ರತಿ ಸೆಮಿಸ್ಟರಿಗೂ ಬೆಳೆಯುತ್ತದೆ, ಮತ್ತು ಪ್ರವೇಶ ಪರೀಕ್ಷೆಯಲ್ಲಿ ಸಂಖ್ಯೆ ಬದಲಾದ ಒಂದು ಲೆಕ್ಕ ಬಂದರೂ ಕೈ ಕಟ್ಟಿದಂತಾಗುತ್ತದೆ. 2024-25ರಿಂದ ರಾಜ್ಯದಲ್ಲಿ ಮತ್ತೆ ಮೂರು ಮುಖ್ಯ ವಿಷಯಗಳ ಮೂರು ವರ್ಷದ ಪದವಿ ಜಾರಿಯಾಗಿರುವುದರಿಂದ ರಸಾಯನಶಾಸ್ತ್ರವನ್ನು ಪಕ್ಕದ ವಿಷಯವೆಂದು ತಳ್ಳಿಹಾಕುವಂತೆಯೂ ಇಲ್ಲ. ಟ್ಯೂಷನ್ ಬಗ್ಗೆ ನನಗೆ ಅರ್ಧ ಮನಸ್ಸು. ನಿಮ್ಮ ಕೈಯಿಂದ ಲೆಕ್ಕ ಮಾಡಿಸುವವರು ಸಿಕ್ಕರೆ ಹೋಗಿ. ಬೋರ್ಡಿನ ಮೇಲೆ ತಾವೇ ಮಾಡಿ ನಿಮ್ಮಿಂದ ಬರೆಸಿಕೊಳ್ಳುವ ಕಡೆ ಹಣವೂ ಸಂಜೆಯೂ ವ್ಯರ್ಥವಾಗುತ್ತವೆ.

ನಾನು ಒತ್ತಿ ಹೇಳುವುದು ಬುನಾದಿಯನ್ನು ಸರಿಪಡಿಸಿಕೊಳ್ಳುವ ದಾರಿಯನ್ನು. ಒಂಬತ್ತು ಮತ್ತು ಹತ್ತನೆಯ ತರಗತಿಯ ಕನ್ನಡ ಮಾಧ್ಯಮದ ವಿಜ್ಞಾನ ಪುಸ್ತಕಗಳನ್ನು ಸಂಕೋಚವಿಲ್ಲದೆ ಮತ್ತೆ ತೆರೆಯಿರಿ. ಪರಮಾಣು ಮತ್ತು ಅಣುಗಳು, ರಾಸಾಯನಿಕ ಸಮೀಕರಣಗಳು, ಆಮ್ಲ–ಪ್ರತ್ಯಾಮ್ಲ–ಲವಣಗಳು, ಈ ಮೂರು ಪಾಠಗಳಿಗೆ ಹತ್ತು ದಿನ ಕೊಡಿ. ಅರ್ಥವಾದದ್ದನ್ನು ಆಮೇಲೆ ಇಂಗ್ಲಿಷಿನಲ್ಲಿ ಬರೆಯಲು ಕಲಿಯುವುದು ಸುಲಭ, ಅರ್ಥವಾಗದ್ದನ್ನು ಇಂಗ್ಲಿಷಿನಲ್ಲಿ ಓದಿ ಅರ್ಥ ಮಾಡಿಕೊಳ್ಳುವುದು ಎರಡು ಪಟ್ಟು ಕೆಲಸ. ಕನ್ನಡ ಮಾಧ್ಯಮದಿಂದ ಬಂದವರು ಹಿಂದೆ ಬೀಳುವುದು ಬುದ್ಧಿಯ ಕೊರತೆಯಿಂದಲ್ಲ, ಈ ಎರಡು ಕೆಲಸವನ್ನು ಒಟ್ಟಿಗೆ ಮಾಡಲು ಹೋಗುವುದರಿಂದ. ಅನಂತರ ಎನ್‌ಸಿಇಆರ್‌ಟಿಯ ಹನ್ನೊಂದನೆಯ ತರಗತಿಯ ಪುಸ್ತಕದಲ್ಲಿ ಮೋಲ್ ಮತ್ತು ಸಮತೋಲನದ ಅಧ್ಯಾಯಗಳ ಬಿಡಿಸಿದ ಲೆಕ್ಕಗಳನ್ನು ಉತ್ತರ ಮುಚ್ಚಿಟ್ಟುಕೊಂಡು ದಿನಕ್ಕೆ ಮೂರರಂತೆ ಮಾಡಿ, ಪ್ರತಿ ಸಾಲಿನಲ್ಲಿಯೂ ಸಂಖ್ಯೆಯ ಪಕ್ಕ ಮಾನವನ್ನು ಬರೆಯಿರಿ. ಗ್ರಾಂ, ಮೋಲ್, ಲೀಟರ್ ಎಂದು ಬರೆಯುತ್ತಾ ಹೋದರೆ ಎಲ್ಲಿ ಗುಣಿಸಬೇಕು, ಎಲ್ಲಿ ಭಾಗಿಸಬೇಕು ಎಂಬುದು ಆ ಮಾನಗಳಿಂದಲೇ ತಿಳಿಯುತ್ತದೆ. ಇದರ ಅಪಾಯವೂ ಒಂದಿದೆ: ಮೊದಲ ತಿಂಗಳು ತರಗತಿಯ ಪಾಠ ಮುಂದೆ ಓಡುತ್ತದೆ, ಎರಡನೆಯ ಇಂಟರ್ನಲ್‌ನಲ್ಲಿಯೂ ಅಂಕ ಹೆಚ್ಚೇನೂ ಏರದಿರಬಹುದು. ಆಗ ಧೃತಿಗೆಟ್ಟು ಗೈಡಿನ ಕಡೆ ತಿರುಗಿದವರನ್ನು ಕಂಡಿದ್ದೇನೆ. ಆ ಅವಧಿಯಲ್ಲಿ ಪ್ರಾಕ್ಟಿಕಲ್ ಮತ್ತು ರೆಕಾರ್ಡಿನ ಅಂಕಗಳನ್ನು ಪೂರ್ಣವಾಗಿ ಗಳಿಸಿಕೊಳ್ಳಿ, ಸೆಮಿಸ್ಟರ್ ಕೈಬಿಡುವುದಿಲ್ಲ.

ಬಾಯಿಪಾಠವನ್ನೇ ಬೇಡವೆನ್ನುತ್ತಿಲ್ಲ. ಮೊದಲ ಇಪ್ಪತ್ತು ಧಾತುಗಳು, ಸಾಮಾನ್ಯ ಅಯಾನುಗಳ ಹೆಸರು ಮತ್ತು ಆವೇಶ, ಹತ್ತು-ಹನ್ನೆರಡು ಸೂತ್ರಗಳು ನಾಲಗೆಯ ತುದಿಯಲ್ಲಿರಲೇಬೇಕು. ಮಗ್ಗಿ ಬಾರದೆ ಲೆಕ್ಕ ಮಾಡಲಾಗದಂತೆ.

ಈ ವಾರವೇ ಒಂದು ಕೆಲಸ ಮಾಡಿ. ಆರು ಅಂಕದ ಆ ಉತ್ತರ ಪತ್ರಿಕೆಯನ್ನು ಹಿಡಿದು ನಿಮ್ಮ ಅಧ್ಯಾಪಕರ ಬಳಿ, ಪ್ರಾಕ್ಟಿಕಲ್ ಮುಗಿದ ಹೊತ್ತಿನಲ್ಲಿ ಹೋಗಿ. ಅಂಕ ಹೆಚ್ಚಿಸಿ ಎಂದು ಕೇಳುವವರನ್ನು ನೋಡಿ ಬೇಸತ್ತವರು ನಾವು. 'ಸರ್, ಕಳೆದುಕೊಂಡ ಹದಿನಾಲ್ಕು ಅಂಕಗಳಲ್ಲಿ ಮಾನದ ತಪ್ಪಿನಿಂದ ಹೋದದ್ದೆಷ್ಟು, ವಿಷಯ ತಿಳಿಯದೆ ಹೋದದ್ದೆಷ್ಟು, ಗುರುತು ಮಾಡಿಕೊಡಿ' ಎಂದು ಕೇಳಿ. ವಿಷಯ ತಿಳಿಯದೆ ಹೋದದ್ದು ಹತ್ತಕ್ಕಿಂತ ಹೆಚ್ಚಿದ್ದರೆ ತಂದೆಯವರ ಸಲಹೆಯನ್ನು ಅಧಿಸೂಚನೆಗಳ ಜೊತೆಗಿಟ್ಟುಕೊಂಡು ಮತ್ತೊಮ್ಮೆ ಯೋಚಿಸಿ. ಅದಕ್ಕಿಂತ ಕಡಿಮೆಯಿದ್ದರೆ, ಊರಿಗೆ ಹೋದಾಗ ಒಂಬತ್ತನೆಯ ತರಗತಿಯ ಪುಸ್ತಕವನ್ನು ಅಟ್ಟದಿಂದ ಇಳಿಸಿ ತನ್ನಿ.